ಹಾಫ್‌ಟೈಮಿನಲ್ಲಿ ಜಾಗ ಬದಲಿಸುವವರು

ಇವತ್ತು ಬೆಳಿಗ್ಗೆ ಅಡುಗೆಮನೆಯ ಅಟ್ಟದಲ್ಲಿ ಏನೋ ಹುಡುಕುವಾಗ ಹಳೆಯ ಸ್ಟೀಲ್ ಫ್ಲಾಸ್ಕ್ ಕೈಗೆ ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಎಷ್ಟು ತೊಳೆದಿಟ್ಟರೂ ಅದರ ರಬ್ಬರಿಗೆ ಹತ್ತಿದ ಶುಂಠಿ ಟೀ ವಾಸನೆ ಹೋಗಿಲ್ಲ. ಏನು ಹುಡುಕುತ್ತಿದ್ದೆನೋ ಅದು ಮರೆತೇಹೋಯಿತು. ಮನಸ್ಸು ನೇರ ಫುಟ್ಬಾಲ್ ಮೈದಾನಕ್ಕೆ ಹೋಗಿ ಕೂತಿತು.

ಸಾರಿಗೆ ಒಗ್ಗರಣೆ ಹಾಕಿಕೊಂಡಿರುವ ನನಗೂ ಫುಟ್ಬಾಲಿಗೂ ಏನು ನಂಟು ಅನ್ನುತ್ತೀರಿ. ನಂಟು ಕೆಳಗಿನ ಮನೆಯದು. ನಮ್ಮ ಬಡಾವಣೆಗೆ ಸರ್ವಜ್ಞನಗರ ಎಂದು ಬೋರ್ಡಿದ್ದರೂ ಬೇಕರಿಯವನಿಂದ ಹಿಡಿದು ಎಲ್ಲರೂ ಕಾಕ್ಸ್ ಟೌನ್ ಅನ್ನುವುದೇ ಹೆಚ್ಚು. ಅಲ್ಲಿ ಮಹಡಿಯಲ್ಲಿ ನಾವು, ಕೆಳಗೆ ನಸೀಮಾ ಸಂಸಾರ. ಅವರ ಯಜಮಾನರಿಗೆ ಶಿವಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಮಗಳು ರೂಹಿ ಎಡಗಡೆಯ ವಿಂಗರ್, ಅಂದರೆ ಮೈದಾನದ ಎಡ ಅಂಚಿನ ಬಿಳಿ ಗೆರೆಗೆ ಅಂಟಿಕೊಂಡೇ ಓಡುವವಳು. ಇಷ್ಟು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಮಗಳ ಆಟ ನೋಡಲು ನಸೀಮಾಗೆ ಒಬ್ಬರೇ ಹೋಗಿ ಕೂರಲು ಸಂಕೋಚ, ಅದಕ್ಕೆ ನಾನು ಜೊತೆ. ಚಾಪೆ, ಕೊಡೆ, ಫ್ಲಾಸ್ಕ್ ಹೊತ್ತು ರೂಹಿ ಓಡುವ ಗೆರೆಯ ಪಕ್ಕದಲ್ಲೇ ಕೂರುತ್ತಿದ್ದೆವು. ತೊಂದರೆ ಏನೆಂದರೆ, ಅರ್ಧ ಆಟ ಮುಗಿದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವೆ. ಈ ಅಂಚಿನಲ್ಲಿದ್ದವಳು ಆಚೆ ಅಂಚಿಗೆ ಹೋಗುತ್ತಾಳೆ. ನಾವೂ ಸಂಸಾರ ಕಟ್ಟಿಕೊಂಡು ಗೋಲಿನ ಹಿಂದಿನಿಂದ ಸುತ್ತಿ ಆ ಕಡೆಗೆ. ಮಂಡಿ ನೋವಿನ ಇಬ್ಬರು ಹೆಂಗಸರು ಕೊಡೆ ಹಿಡಿದು ಹೊರಟರೆ ಉಳಿದ ಹುಡುಗಿಯರು, “ಆಂಟಿಗಳ ಸಬ್‌ಸ್ಟಿಟ್ಯೂಷನ್ ಆಯ್ತು, ಇನ್ನು ವಿಸಲ್ ಹೊಡೀಬಹುದು” ಎಂದು ನಗುತ್ತಿದ್ದರು.

ಒಂದು ದಿನ ಮಾತ್ರ ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ದೊಡ್ಡ ಕ್ಲಬ್ಬಿನ ಕೋಚ್ ಒಬ್ಬರು ಆಟಗಾರ್ತಿಯರನ್ನು ಆರಿಸಲು ಬರುವವರಿದ್ದರು. ರೂಹಿ ಬೂಟಿನ ದಾರ ಬಿಗಿಯುತ್ತಾ, “ಆಂಟಿ, ಇವತ್ತು ತಗೊಂಡ್ರೆ ಆಡ್ತೀನಿ. ಇಲ್ಲಾಂದ್ರೆ ಅಬ್ಬಾ ಹೇಳ್ದಂಗೆ ಬಿ.ಎಡ್. ಸೇರ್ಕೊಂಬಿಡ್ತೀನಿ” ಎಂದಿದ್ದಳು. ಧ್ವನಿಯಲ್ಲಿ ಅಳುಕಿರಲಿಲ್ಲ. ಅಳುಕೆಲ್ಲ ನಮ್ಮ ಪಾಲಿಗೆ ಬಂದಿತ್ತು.

ಕೋಚ್ ಎತ್ತರದ ಹೆಂಗಸು, ತಲೆಗೆ ಟೋಪಿ. ಪಶ್ಚಿಮದ ಕಡೆ ಶಾಮಿಯಾನದ ನೆರಳಲ್ಲಿ ಕೂತರು. ಮೊದಲರ್ಧ ರೂಹಿ ಅವರ ಮುಂದೆಯೇ ಓಡಬೇಕು. ಓಡಿದಳು ಕೂಡ; ಆದರೆ ಎದುರು ತಂಡದ ಗಟ್ಟಿ ಹುಡುಗಿಯೊಬ್ಬಳು ಅವಳಿಗೆ ನೆರಳಿನಂತೆ ಅಂಟಿಕೊಂಡು ಒಂದು ಚೆಂಡನ್ನೂ ನೆಟ್ಟಗೆ ಆಡಗೊಡಲಿಲ್ಲ. ಹಾಫ್‌ಟೈಮ್ ಆಯಿತು. ಇನ್ನು ರೂಹಿ ಆಚೆ ಅಂಚಿಗೆ, ಕೋಚ್ ಈಚೆ ಅಂಚಿನಲ್ಲೇ.

ನಸೀಮಾ ಟೀ ಬಗ್ಗಿಸಿಕೊಂಡು ಸೀದಾ ಶಾಮಿಯಾನಕ್ಕೆ ಹೋದರು. “ಮೇಡಂ, ನಮ್ ಜೊತೆ ಆ ಕಡೆ ಬನ್ನಿ. ನನ್ ಮಗಳು ಇನ್ಮೇಲೆ ಅಲ್ಲೇ ಇರೋದು.”

“ಪರವಾಗಿಲ್ಲಮ್ಮ, ಇಲ್ಲಿಂದ್ಲೇ ನೋಡ್ತೀನಿ. ಟೀ ಚೆನ್ನಾಗಿದೆ.”

ಮೈದಾನ ಸುತ್ತುವಾಗ ನಸೀಮಾ ಗೊಣಗಿದರು: “ಟೀ ಕುಡಿದ್ರು, ಮಾತ್ ಮಾತ್ರ ಕೇಳ್ಲಿಲ್ಲ ನೋಡಿ ಅಕ್ಕಾ.”

ಎರಡನೆಯ ಅರ್ಧದಲ್ಲಿ ಆಟವೆಲ್ಲ ಶಾಮಿಯಾನದ ಕಡೆಯೇ. ನಮ್ಮ ಮುಂದೆ ರೂಹಿ ಕೈ ಎತ್ತಿ ಓಡುವಳು, ಚೆಂಡು ಬರದು. ವಾಪಸು ಓಡಿ ಬರುವಳು, ಮತ್ತೆ ಕೈ ಎತ್ತುವಳು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. “ಅವಳಿಗೂ ಒಂದ್ ಕೊಡ್ರಮ್ಮಾ” ಎಂದು ನಾನು ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರಿಗೆ ಹೇಳುವ ಹಾಗೆ ಕೂಗಿದೆ. ಕೊನೆಗೊಮ್ಮೆ ಅವಳು ಇನ್ನೂ ಜೋರಾಗಿ ಹೊರಟಳು. ಗಟ್ಟಿ ಹುಡುಗಿ ಅವಳ ಬೆನ್ನು ಹತ್ತಿದಳು, ಇನ್ನೊಬ್ಬಳೂ ಹತ್ತಿದಳು. ಚೆಂಡು ಆಗಲೂ ಬರಲಿಲ್ಲ. ನಡುವಿನಿಂದ ನುಗ್ಗಿದ ಬೇರೆ ಹುಡುಗಿ ಗೋಲು ಹೊಡೆದಳು.

ಆಟ ಮುಗಿಯಿತು. “ಗೋಲ್ ಹೊಡ್ದ ಆ ಹುಡುಗೀನೇ ತಗೋತಾರೆ ಬಿಡಿ” ಎಂದು ನಸೀಮಾ ಚಾಪೆ ಸುತ್ತತೊಡಗಿದರು. ಕೋಚ್ ಮೈದಾನ ದಾಟಿ ನಮ್ಮ ಹತ್ತಿರವೇ ಬಂದರು.

“ನಿಮ್ ಮಗಳನ್ನ ತಗೋತಿದೀವಿ. ಆ ಗೋಲು ಅವಳದೇ.”

ನಸೀಮಾ ಸುಳ್ಳು ಒಪ್ಪುವವರಲ್ಲ. “ಅವಳು ಬಾಲ್ ಮುಟ್ಟೇ ಇಲ್ವಲ್ಲ ಮೇಡಂ.”

“ಮುಟ್ಟದೇನೇ ಇಬ್ಬರನ್ನ ಎಳ್ಕೊಂಡ್ ಹೋದ್ಲು. ಮಧ್ಯ ಅಷ್ಟು ದೊಡ್ಡ ದಾರಿ ಆಯ್ತು. ಹತ್ರ ಕೂತಿದ್ರೆ ನಾನೂ ಬರೀ ಅವಳ ಕಾಲ್ ನೋಡ್ತಿದ್ದೆ. ದೂರದಿಂದ ಆಟ ಕಾಣ್ತು.”

ಇಷ್ಟು ದಿನ ಕೊಡೆ ಹೊತ್ತು ಸುತ್ತಿದ್ದು ಯಾವ ಭಾಗ್ಯಕ್ಕೆ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ರೂಹಿ ಮಾತ್ರ ಇದೆಲ್ಲ ತನಗೆ ಮೊದಲೇ ಗೊತ್ತಿತ್ತು ಎಂಬಂತೆ ನಿಂತಿದ್ದಳು. ಗೊತ್ತಿತ್ತು ಅಂತಲೇ ನನ್ನ ಅನುಮಾನ.

ಈಗ ಅವಳು ಅದೇ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುವವಳು, ಊರೂರು ತಿರುಗುತ್ತಾಳೆ. ಬೆನ್ನ ಮೇಲೆ ಹೆಸರಿರುವ ಅಂಗಿಯನ್ನು ನಸೀಮಾ ಬಟ್ಟೆಗಳ ನಡುವೆ ಒಣಗಹಾಕದೆ ಬೀದಿಗೆ ಕಾಣುವ ತಂತಿಗೇ ಹಾಕುತ್ತಾರೆ. ಇವತ್ತು ಸಂಜೆ ಅವಳ ಪಂದ್ಯ ಫೋನಿನಲ್ಲಿ ಬರುತ್ತಿದೆ. ನಸೀಮಾ ಮೇಲೆ ಬಂದು ಕೂತಿದ್ದಾರೆ. ಎರಡನೆಯ ಅರ್ಧ, ರೂಹಿ ಆಚೆ ಅಂಚಿನಲ್ಲಿ ಸಾಸಿವೆ ಕಾಳಿನಷ್ಟಿದ್ದಾಳೆ. ನಮ್ಮ ಯಜಮಾನರು ಕನ್ನಡಕ ಏರಿಸಿ ಇಣುಕಿದರು.

“ಎಲ್ರೀ ನಿಮ್ ಹುಡುಗಿ? ಬಾಲ್ ಈ ಕಡೆ ಇದೆಯಲ್ಲ.”

“ಬಾಲ್ ಬಿಡ್ರೀ” ಎಂದೆ. “ಆ ಮೂಲೆ ನೋಡಿ. ಈಗ ಹೊರಟ್ಲು.”