ರೊಟ್ಟಿ ಬಡಿತದ ರಿಡ್ಡಿಮ್

ವಿರುಪಾಕ್ಷ ಧಾರವಾಡದವನು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕೊಂದರ ಕಂಪ್ಯೂಟರ್ ಕಾಯುವುದು ಅವನ ಹೊಟ್ಟೆಪಾಡು. ರಿಡ್ಡಿಮ್ ಕಟ್ಟುವುದು ಹುಚ್ಚು. ಜಮೈಕಾದ ಡಾನ್ಸ್‌ಹಾಲ್ ಸಂಗೀತದಲ್ಲಿ ಮಾತಿಗಿಂತ ಮೊದಲು ತಾಳ, ವಾದ್ಯಗಳ ತಳಪಾಯ ಸಿದ್ಧವಾಗುತ್ತದೆ. ಅದೇ ರಿಡ್ಡಿಮ್. ಒಂದೇ ರಿಡ್ಡಿಮ್ ಮೇಲೆ ಐದಾರು ಗಾಯಕರು ತಮ್ಮ ತಮ್ಮ ಹಾಡು ಹಾಡುತ್ತಾರೆ; ಯಾರೂ ಯಾರನ್ನೂ ಕಳ್ಳ ಅನ್ನುವುದಿಲ್ಲ. ಹಾಡಿದವರಿಗೆ ಹೆಸರು ಬರುತ್ತದೆ, ಕಟ್ಟಿದವನನ್ನು ಕೇಳುವವರು ಕಡಿಮೆ. ವಿರುಪಾಕ್ಷನಿಗೆ ಅದರ ಬೇಸರವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಒಬ್ಬಳು ಕೇಳುವುದು, ಕೇಳಿ ಮರಳಿ ಬರುವುದು.

ಅವಳು ಹೆಂಡತಿ ಮಹಾಶ್ವೇತಾ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್. ಎರಡು ವರ್ಷದ ಹಿಂದೆ ಅಲ್ಲಿಯ ಬಾಡಿಗೆ ಫ್ಲ್ಯಾಟಿನಲ್ಲಿ, ಹನ್ನೆರಡು ತಾಸು ದುಡಿದು ಬಂದವಳು ಜೋಳದ ರೊಟ್ಟಿ ಬಡಿಯುತ್ತಿದ್ದರೆ, ಈ ಪುಣ್ಯಾತ್ಮ ಅಡುಗೆಮನೆ ಬಾಗಿಲಿಗೆ ಮೈಕ್ ಇಟ್ಟು ಹೆಡ್‌ಫೋನ್ ಏರಿಸಿ ಕೂತಿದ್ದ. ಅವಳು ಒಬ್ಬಳೇ ಉಂಡು ಮಲಗಿದಳು. ಅದೇನು ಮೊದಲ ಸಲವಲ್ಲ.

"ಹೆಡ್‌ಫೋನ್ ಹಾಕ್ಕೊಂಡಿದ್ನಲ್ಲ, ನೀ ಕರದದ್ದು ಕೇಳಿಸ್ಲೇ ಇಲ್ಲ," ಎಂದಿದ್ದ ಮರುದಿನ. ಅವಳು ನಂಬಿದಳು. ಆದರೂ ಸಾಕಾಗಿತ್ತು. ಅವನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಾಗ "ನೀವು ಹೋಗ್ರಿ, ನಾ ಬರಂಗಿಲ್ಲ" ಎಂದುಬಿಟ್ಟಳು.

ಆ ರೊಟ್ಟಿ ಬಡಿತದಿಂದ ಅವನು ಕಟ್ಟಿದ ರಿಡ್ಡಿಮ್ ಈ ಮಾರ್ಚ್‌ನಲ್ಲಿ ಹೊರಬಂತು. ಆರು ಗಾಯಕರು, ಆರು ಹಾಡು. ಒಬ್ಬ ಪೊಲೀಸರನ್ನು ಬೈದ, ಒಬ್ಬಳು ತಾಯಿಯನ್ನು ನೆನೆದಳು, ಉಳಿದವರದು ಪ್ರೀತಿಯ ಗೋಳು. ಎಲ್ಲರ ಕೆಳಗೂ ಬಡಿಯುತ್ತಿದ್ದುದು ಮಹಾಶ್ವೇತಾಳ ಅಂಗೈ. ಕೊನೆಗೆ, ಪದ್ಧತಿಯಂತೆ, ಯಾರ ದನಿಯೂ ಇಲ್ಲದ ಬರಿಯ ರಿಡ್ಡಿಮ್. ಟ್ರಾಮಿನಲ್ಲಿ ಯಾರದೋ ಫೋನಿನಿಂದ ಅದು ಕೇಳಿಬಂದಾಗ ವಿರುಪಾಕ್ಷನ ಎದೆ ತುಂಬಿ ಬಂತು. ಪಕ್ಕದಲ್ಲಿ ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗೆ ಬಂದು ಬ್ರೆಡ್ ತಿಂದ.

ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಆ ಬರಿಯ ರಿಡ್ಡಿಮ್ಮನ್ನು ಅವಳಿಗೆ ಕಳಿಸಿದ. ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಇದು ನನ್ನ ಕೈ," ಎಂದಳು. ಎಷ್ಟೋ ತಿಂಗಳ ಮೇಲೆ ದನಿ ಮೆತ್ತಗಾಗಿತ್ತು. "ಬಳಿ ಸಪ್ಪಳಾನೂ ಐತಿ. ಇಷ್ಟು ದಿನ ಇಟ್ಕೊಂಡಿದ್ರೇನು?"

"ನಿನ್ನ ದನೀನೂ ಐತಿ! ಹಾಡೋರಿಗೆ ಅಡ್ಡ ಬರ್ತೈತಂತ ಕತ್ತರಿಸಿದ್ದೆ. ಜ್ವಾಕಿ ಇಟ್ಟೀನಿ, ಕೇಳು," ಎಂದ ವಿರುಪಾಕ್ಷ ಹಿಗ್ಗಿನಿಂದ. ಹಿಗ್ಗಿದವನಿಗೆ ಬುದ್ಧಿ ಎಲ್ಲಿರುತ್ತದೆ? ಆ ತುಣುಕನ್ನು ತಾನೂ ಎರಡು ವರ್ಷದಿಂದ ಕೇಳಿರಲಿಲ್ಲ. ಅದನ್ನು ಹಚ್ಚಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದ.

ರೊಟ್ಟಿ ಬಡಿತ ನಿಂತಿತು. "ರೀ, ಬರ್ರಿ, ರೊಟ್ಟಿ ಆರ್ತಾವ." ತುಸು ಬಿಟ್ಟು, "ಬರ್ರೀ." ಮೂರನೆಯ ಸಲ ಬರೀ "ರೀ." ಕೂಡಲೇ ಮೈಕಿನ ಪಕ್ಕದಿಂದ ಅವನದೇ ದನಿ: "ಶ್ಶ್!"

ಸ್ಪೀಕರಿನಲ್ಲಿ ಬಡಿತ ಮತ್ತೆ ಶುರುವಾಯಿತು. ಅವನು ಗಡಬಡಿಸಿ ಆರಿಸಿದ.

"ಅಂದ್ರ ಕೇಳಿಸಿತ್ತು ನಿಮಗ," ಎಂದಳು ಮಹಾಶ್ವೇತಾ, ಮತ್ತು ಫೋನ್ ಇಟ್ಟಳು.