ವರ್ನಾ ಓದದೆ ಬಿಟ್ಟ ಸಾಲು

ಟೆನೆಸ್ಸಿಯ ನಮ್ಮ ಪೈನ್ ಫೋರ್ಕ್ ಚರ್ಚಿನ ಮುಂದಿನ ಬೋರ್ಡಿಗೆ ಇಪ್ಪತ್ತೆರಡು ವರ್ಷ ಅಕ್ಷರ ಜೋಡಿಸಿದವಳು ವರ್ನಾ ಟ್ಯಾಕೆಟ್. ಶನಿವಾರ ಬಂತೆಂದರೆ ಪ್ಲಾಸ್ಟಿಕ್ ಅಕ್ಷರಗಳ ಡಬ್ಬಿ ಹಿಡಿದು ಏಣಿ ಹತ್ತುವಳು. ಕೆಳಗೆ ಏಣಿ ಹಿಡಿಯುವ ಕೆಲಸ ನನ್ನದು. "ಈ ಸೆಕೆಯೇ ತಡೆಯದವರು ನರಕದ ಸೆಕೆ ನೆನೆಯಿರಿ" ಎಂದು ಅವಳು ಹಾಕಿದ ವಾರ ಲಾರಿಯವರೆಲ್ಲ ಹಾರನ್ ಹೊಡೆದು ನಕ್ಕಿದ್ದರು.

ಅಕ್ಟೋಬರಿನಲ್ಲಿ ರಸ್ತೆಯಾಚೆ, ದೇವರನ್ನು ನಂಬದವರ ಸಂಘವೊಂದು ದೊಡ್ಡ ಜಾಹೀರಾತು ನಿಲ್ಲಿಸಿತು. ಶತ್ರುವಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನೇ ಧನ್ಯ ಎನ್ನುವ ಕೀರ್ತನೆಯ ಸಾಲು, ಕೆಳಗೆ, "ಇದು ನಿಮ್ಮ ಬೈಬಲಿನಲ್ಲೇ ಇದೆ. ಓದಿದ್ದೀರಾ?"

ಓದಿರಲಿಲ್ಲ, ನಿಜ ಹೇಳುತ್ತೇನೆ. ಆ ಕೀರ್ತನೆಯನ್ನು ಪಾಸ್ಟರ್ ಒಂದು ಸಾಲು, ನಾವು ಒಂದು ಸಾಲು ಓದುವುದು ನಮ್ಮ ರೂಢಿ. ಎಂಟನೆಯದಕ್ಕೆ ಬಂದೊಡನೆ ಪಿಯಾನೋ ಶುರುವಾಗುತ್ತದೆ, ಎಲ್ಲರೂ ಹಾಡಿಗೆ ಎದ್ದು ನಿಲ್ಲುತ್ತೇವೆ. ನನ್ನಪ್ಪನ ಕಾಲದಿಂದಲೂ ಹೀಗೇ. ಕೊನೆಯದಾದ ಒಂಬತ್ತನೆಯ ಸಾಲಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಥೂ ನನ್ನ ಬಾಯಿಗೆ.

ವರ್ನಾಳ ಮಗಳು ಲೊರೀನ್ ದಿನವೂ ಅದೇ ರಸ್ತೆಯಲ್ಲಿ ಕೋಳಿ ಕಾರ್ಖಾನೆಗೆ ಹೋಗಿಬರುತ್ತಾಳೆ. ಹಿಂದಿನ ವರ್ಷ ಹನ್ನೊಂದು ದಿನದ ಕೂಸನ್ನು ಮಣ್ಣು ಮಾಡಿದವಳು. ಜಾಹೀರಾತು ಕಂಡ ಸಂಜೆಯೇ ಅಮ್ಮನಿಗೆ ಫೋನ್ ಮಾಡಿದಳು.

"ಅವತ್ತು ಗುಂಡಿ ಹತ್ರ ಏನಂದೆ ಅಮ್ಮಾ? ಅಳ್ಬೇಡ, ಈ ಪುಸ್ತಕದಲ್ಲಿ ಮಕ್ಕಳಿಗೆ ಕೇಡು ಬಯಸೋ ಒಂದು ಮಾತೂ ಇಲ್ಲ ಅಂದೆ. ಗೊತ್ತಿದ್ದೂ ಸುಳ್ಳು ಹೇಳಿದ್ಯಾ?"

ವರ್ನಾ ಬಾಯಿ ತೆರೆಯುವಷ್ಟರಲ್ಲಿ ಲೊರೀನ್ ಫೋನ್ ಇಟ್ಟಳು. ಆಮೇಲೆ ಎತ್ತಲೇ ಇಲ್ಲ. ಮನೆಗೆ ಹೋದರೆ ಬಾಗಿಲೂ ತೆಗೆಯಲಿಲ್ಲ. ಒಬ್ಬಳೇ ಮಗಳು! ವರ್ನಾ ಒಂದು ವಾರ ಅನ್ನ ನೀರು ಬಿಟ್ಟವಳಂತಾದಳು.

ಪಾಸ್ಟರ್ ಕ್ಲೆಟಸ್‌ಗೆ ಇದೆಲ್ಲ ತಮಾಷೆ. "ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ ಸಿಸ್ಟರ್ ವರ್ನಾ? ಸೈತಾನನೂ ಬೈಬಲ್ ಓದ್ತಾನೆ ಅಂತ ಹಾಕ್ಬಿಡಿ, ಉರ್ಕೊಳ್ಳಲಿ."

ಶನಿವಾರ ಏಣಿ ಹತ್ತಿದ ವರ್ನಾ ಅದನ್ನು ಹಾಕಲಿಲ್ಲ. "ಆ ಸಾಲು ಇದೆ. ನಾನು ಓದಿರಲಿಲ್ಲ. ತಪ್ಪಾಯಿತು, ಮಗಳೇ" ಎಂದು ಹಾಕಿದಳು. ಮೂರು ಗಂಟೆಗೆ ಲೊರೀನಳ ಪಾಳಿ ಮುಗಿಯುತ್ತದೆ, ಅವಳು ಈ ದಾರಿ ಹಾಯುವವರೆಗೆ ಆ ಮಾತು ಬೋರ್ಡಿನಲ್ಲಿ ನಿಂತರೆ ಸಾಕು.

ಎರಡೂವರೆಗೆ ಪಾಸ್ಟರ್ ಬಂದ.

"ಚರ್ಚಿನ ಮಾನ ಬೀದಿಗೆ ತಂದ್ರಲ್ಲ!" ಎಂದವನೇ ತಾನೇ ಏಣಿ ಹತ್ತಿ ಒಂದೊಂದೇ ಅಕ್ಷರ ಕಿತ್ತ.

"ಮಾನ ಎಂಟನೇ ಸಾಲಿಗೇ ಮುಗಿದುಹೋಗಿತ್ತಾ ಪಾಸ್ಟರೇ?" ಎಂದೆ. ಅವನು ಅಕ್ಷರಗಳ ಡಬ್ಬಿಯನ್ನೇ ಎತ್ತಿಕೊಂಡು ಹೋದ.

ಖಾಲಿ ಬೋರ್ಡಿನ ಕೆಳಗೆ, ರಸ್ತೆಯ ಅಂಚಿಗೇ ಹೋಗಿ ವರ್ನಾ ನಿಂತಳು. ಮೂರೂಕಾಲಿಗೆ ಲೊರೀನಳ ಕಾರು ಬಂತು, ಅಮ್ಮನನ್ನು ಕಂಡು ನಿಂತಿತು, ಗಾಜು ಇಳಿಯಿತು.

"ನನ್ನಾಣೆ ಗೊತ್ತಿರ್ಲಿಲ್ಲ ಕಣೇ. ಓದ್ದೇನೇ ಹೇಳ್ಬಿಟ್ಟೆ."

ಲೊರೀನ್ ಅಮ್ಮನ ಮುಖವನ್ನೇ ನೋಡಿದಳು. "ಓದ್ದೇನೇ ನನ್ನ ಅಳು ನಿಲ್ಲಿಸಿದ್ಯಾ ಅಮ್ಮಾ?"

ಗಾಜು ಏರಿತು. ಕಾರು ತಿರುವು ದಾಟಿತು.

"ಏಣಿ ಹಿಡಿ, ಓಪಲ್" ಎಂದಳು ವರ್ನಾ. ನಾನು ಹಿಡಿದೆ. ಅವಳು ಮೇಲೆ ಹತ್ತಿ ನಿಂತಳು. ಹಾಕಲು ಕೈಯಲ್ಲಿ ಒಂದು ಅಕ್ಷರವೂ ಇರಲಿಲ್ಲ.