ತಮ್ಮನ ಥಾಯ್ ಹೋಟೆಲಿನಲ್ಲಿ ಒಂದು ಊಟ

ಮಳಖೇಡ ರೋಡ್ ಸ್ಟೇಷನ್ನಿಗೆ ನಾನು ಬಂದು ನಿಂತಾಗ ಬೆಳಗಿನ ಏಳು ಗಂಟೆ. ವಾಡಿ, ಚಿತ್ತಾಪುರ ದಾಟಿ ಹೈದರಾಬಾದಿಗೆ ಹೋಗುವ ಪ್ಯಾಸೆಂಜರ್ ಗಾಡಿ ಎಂದಿನಂತೆ ಅರ್ಧ ಗಂಟೆ ತಡ. ಕೈಯಲ್ಲಿದ್ದ ವಯರ್ ಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಬಾಟಲಿ ನೀರು, ಮತ್ತು ಅರಿಸಿನ ಹಚ್ಚಿದ ಒಂದು ಲಗ್ನಪತ್ರಿಕೆ. ಪತ್ರಿಕೆ ತಂಗಿ ಕಾಶಮ್ಮನ ಮದುವೆಯದು. ಮದುವೆಗೆ ಇನ್ನು ಒಂಬತ್ತೇ ದಿನ. ಹಿಂದಿನ ದಿನ ಆಕೆ ಮದುವೆ ಸೀರೆಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟು ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು: "ಅಂಬಣ್ಣ ಬರಲಿಲ್ಲಂದ್ರ ನಾ ಹಂದರದಾಗ ಕುಂದ್ರಂಗಿಲ್ಲ. ಓಡಿಸಿದಾಕಿ ನೀ. ಕರಕೊಂಡು ಬರಾಕಿನೂ ನೀನೇ."

ಮಾತು ಸುಳ್ಳಲ್ಲ. ಅಂಬಣ್ಣ ನಮ್ಮಿಬ್ಬರ ನಡುವಿನವನು, ನನಗಿಂತ ಆರು ವರ್ಷ ಚಿಕ್ಕವನು. ಐದು ವರ್ಷದ ಹಿಂದೆ ಅವನನ್ನು ಮನೆಯಿಂದ ಎಬ್ಬಿಸಿ ಕಳಿಸಿದ್ದು ನನ್ನ ಕೈ.

ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅಪ್ಪ ಬಲೆ ಬೀಸುತ್ತಿದ್ದ, ಅಪ್ಪನ ಅಪ್ಪ ಹರಿಗೋಲು ಹಾಕುತ್ತಿದ್ದ. ದೊಡ್ಡ ಮೀನು ಸಿಕ್ಕ ದಿನ ಮನೆಯಲ್ಲಿ ಹಂಚುವುದಕ್ಕೆ ಒಂದು ಪದ್ಧತಿ ಇತ್ತು. ತಲೆ ಮನೆಯ ಹಿರಿಯನಿಗೆ, ನಡುವಿನ ತುಂಡು ಬಂದವರಿಗೆ, ಬಾಲ ಹೆಣ್ಣುಮಕ್ಕಳಿಗೆ. ಅಪ್ಪ ತೀರಿಕೊಂಡ ಮೇಲೆ ಸೂತಕ ಕಳೆದು, ಬಂಧು ಬಳಗವೆಲ್ಲ ಸಾಲಾಗಿ ಉಣ್ಣಲು ಕುಳಿತಾಗ ಅವ್ವ ತಲೆಯನ್ನು ತಂದು ಅಂಬಣ್ಣನ ತಾಟಿಗೆ ಹಾಕಿದಳು. ಅವನಿಗಾಗ ಹದಿನೆಂಟು. ಹತ್ತನೇ ಇಯತ್ತೆ ಎರಡು ಸಲ ಫೇಲಾಗಿ, ಸೇಡಂ ರಸ್ತೆಯ ಢಾಬಾದಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದ. ನಾನು ಸೇಡಂನ ಸಾಲೆಯಲ್ಲಿ ಟೀಚರ್. ನನ್ನ ಪಗಾರದಲ್ಲೇ ಮನೆ ನಡೆಯುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೈ ಚಾಚಿ ಅವನ ತಾಟಿನಿಂದ ತಲೆಯನ್ನು ಎತ್ತಿ ನನ್ನ ತಾಟಿಗೆ ಹಾಕಿಕೊಂಡೆ. "ಮಂದಿ ಎಂಜಲ ತೊಳಿಯೋನಿಗೆ ತಲಿ ಯಾಕ?" ಅಂದೆ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಇದೇ ಗಾಡಿಗೆ ಅವನು ಹೋದ.

ಹೆಣ್ಣುಮಕ್ಕಳಿಗೆ ಬಾಲವೇ ಏಕೆ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಆದರೆ ಅಂದು ನಾನು ಜಗಳ ಮಾಡಿದ್ದು ಪದ್ಧತಿಯ ಜೊತೆಗಲ್ಲ, ಅಪ್ಪನನ್ನು ಕಳೆದುಕೊಂಡ ಹುಡುಗನ ಜೊತೆಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಐದು ವರ್ಷ ಬೇಕಾಯಿತು.

ಗಾಡಿ ಬಂತು. ಸೇಡಂನಲ್ಲಿ ನನ್ನ ಸಾಲೆಯ ಇಬ್ಬರು ಮಕ್ಕಳು ಪ್ಲಾಟ್‌ಫಾರ್ಮಿನಲ್ಲಿ ಕಂಡರು. ಎಲ್ಲಿಗೆ ಎಂದು ಕೇಳಿಯಾರು ಎಂದು ಮುಖ ಒಳಗೆ ಎಳೆದುಕೊಂಡೆ. ಹೊರಗೆ ಕೊಯ್ದು ಮುಗಿದ ತೊಗರಿ ಹೊಲಗಳು, ಕೂಳೆ ಮಾತ್ರ. ತಾಂಡೂರು ದಾಟಿದ ಮೇಲೆ ರೊಟ್ಟಿ ಬಿಚ್ಚಿದೆ. ತಿನ್ನಲು ಮನಸ್ಸಾಗಲಿಲ್ಲ. ಎದುರಿಗೆ ಕುಳಿತಿದ್ದ ಚಿಂಚೋಳಿ ಕಡೆಯ ಮುದುಕಿಗೆ ಕೊಟ್ಟೆ. ಆಕೆ ಹಿಂಡಿ ನೆಕ್ಕುತ್ತಾ, "ಯಾರ ಮನಿಗಿ ಹೊಂಟೀರಿ ತಂಗೀ?" ಎಂದಳು. "ತಮ್ಮನ ಹತ್ರ" ಎಂದೆ. "ತಮ್ಮ ಇದ್ದಾಕಿ ಪುಣ್ಯವಂತಿ" ಎಂದಳು. ನನಗೆ ಕಿಟಕಿಯ ಕಡೆ ತಿರುಗಿ ಕೂರಬೇಕಾಯಿತು.

ಹನ್ನೆರಡೂವರೆಗೆ ಬೇಗಂಪೇಟೆ. ಬಿಸಿಲು ಅಂದರೆ ನಮ್ಮ ಕಡೆಯ ಬಿಸಿಲೇ, ಆದರೆ ಜೊತೆಗೆ ಆಟೋಗಳ ಹೊಗೆ. ವಿಳಾಸ ಎಂದರೆ ನನ್ನ ಹತ್ತಿರ ಇದ್ದದ್ದು ನಮ್ಮೂರ ಸಿಮೆಂಟ್ ಲಾರಿಯ ಡ್ರೈವರೊಬ್ಬ ಬೀಡಿ ಪಾಕೀಟಿನ ಹಿಂದೆ ಬರೆದುಕೊಟ್ಟ ಎರಡು ಸಾಲು: ನೀರಿನ ಟಾಕಿಯ ಎದುರು ಗಲ್ಲಿ, ಥಾಯ್ ಹೋಟೆಲು. ಥಾಯ್ ಎಂದರೆ ಏನು ಎಂದು ನಾನು ಸಾಲೆಯ ನಕಾಶೆಯಲ್ಲಿ ನೋಡಿಕೊಂಡು ಹೋಗಿದ್ದೆ. ಆಟೋದವನು ಹದಿನೈದು ರೂಪಾಯಿ ತೆಗೆದುಕೊಂಡು ಗಲ್ಲಿಯ ಬಾಯಿಗೆ ಇಳಿಸಿದ.

ದೊಡ್ಡ ಹೋಟೆಲೇನಲ್ಲ. ಮನೆಯ ಮುಂದಿನ ಎರಡು ಕೋಣೆಗಳ ಗೋಡೆ ಒಡೆದು ಒಂದು ಮಾಡಿದಂತಿತ್ತು. ಏಳೆಂಟು ಮೇಜು, ಪ್ಲಾಸ್ಟಿಕ್ ಹೂವು, ಗೋಡೆಗೆ ಸಮುದ್ರ ಮತ್ತು ತೆಂಗಿನ ಮರದ ಕ್ಯಾಲೆಂಡರು. ಕೆಳಗೆ ಹಾಸಿದ್ದು ಶಹಾಬಾದಿ ಫರಸಿ. ನಮ್ಮ ಕಡೆಯ ಕಲ್ಲನ್ನು ಕಂಡು ಸ್ವಲ್ಪ ಧೈರ್ಯ ಬಂತು. ಮಾಲಕಿ ಸರೋಜಮ್ಮ ಎಂಬ ದಪ್ಪನೆಯ ತೆಲುಗು ಹೆಂಗಸು. ಗಂಡನ ಜೊತೆ ಬ್ಯಾಂಕಾಕಿನ ಹೋಟೆಲೊಂದರಲ್ಲಿ ಬಹಳ ವರ್ಷ ದುಡಿದು ಬಂದವಳಂತೆ. ನಮ್ಮ ಮಾತು ಆಕೆಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಅಂಬಣ್ಣನ ಅಕ್ಕ, ಮಳಖೇಡದಿಂದ ಬಂದಿದ್ದೇನೆ ಎಂದೆ. ಆಕೆ ಒಳಗೆ ಹೋದಳು. ತಿರುಗಿ ಬಂದು ನನ್ನ ಮುಖ ನೋಡದೆ ಹೈದರಾಬಾದಿನ ಉರ್ದುವಿನಲ್ಲಿ ಹೇಳಿದಳು: "ಅಕ್ಕಾ ಗಿಕ್ಕಾ ಕೋಯಿ ನೈ ಬೋಲ್ರಾ ಉನೆ."

ಅಕ್ಕ ಗಿಕ್ಕ ಯಾರೂ ಇಲ್ಲ ಅಂದನಂತೆ. ಬಾಗಿಲಿಗೆ ಬಂದ ಭಿಕ್ಷುಕಿಯನ್ನೂ ಹೀಗೆ ಕಳಿಸುವುದಿಲ್ಲ ಅನ್ನಿಸಿತು. ಮರುಕ್ಷಣ ನನಗೆ ನನ್ನದೇ ಮಾತು ನೆನಪಾಯಿತು. ಕೊಟ್ಟದ್ದು ತಿರುಗಿ ಬಂದಿದೆ, ಅಷ್ಟೇ.

"ಹಂಗಾರ ನಾ ಉಣ್ಣಾಕ ಬಂದೀನಿ" ಎಂದು ಕುಳಿತೆ. ಗಿರಾಕಿಯನ್ನು ಎಬ್ಬಿಸುವ ಹಾಗಿಲ್ಲವಲ್ಲ.

ನಾನು ಕುಳಿತದ್ದು ಅಡಿಗೆಮನೆಯ ಅರ್ಧ ಬಾಗಿಲಿನ ಎದುರು. ಬಾಗಿಲಿನ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು, ರಬ್ಬರ್ ಚಪ್ಪಲಿ ಹಾಕಿದ್ದವು. ಎಡಗಾಲಿನ ಹೆಬ್ಬೆರಳು ಹೊರಗೆ ಬಾಗಿತ್ತು. ಚಿಕ್ಕಂದಿನಲ್ಲಿ ಅಂಬಣ್ಣ ಹೊಳೆಯ ಬಂಡೆಗೆ ಜಾರಿ ಮುರಿದುಕೊಂಡ ಬೆರಳು; ಅವನನ್ನು ಹೆಗಲ ಮೇಲೆ ಹೊತ್ತು ನಾನೇ ಸರ್ಕಾರಿ ದವಾಖಾನೆಗೆ ಓಡಿದ್ದೆ. ಸರೋಜಮ್ಮ ತಂದಿಟ್ಟ ಪಟ್ಟಿಯಲ್ಲಿ ಒಂದೂ ತಿಳಿಯಲಿಲ್ಲ. ಮೀನು ಮತ್ತು ಅನ್ನ ಎಂದೆ. ಮೊದಲು ಸೂಪು ಕುಡಿಯಲೇಬೇಕು ಎಂದು ಆಕೆಯೇ ತೀರ್ಮಾನಿಸಿದಳು.

ಸೂಪು ಬಂತು. ನಿಂಬೆ ವಾಸನೆಯ ಹುಲ್ಲಿನ ಕಡ್ಡಿಗಳು, ಶುಂಠಿಯಂಥ ಒಂದು ಗಡ್ಡೆ, ಸಣ್ಣ ಮೆಣಸಿನಕಾಯಿ. ಖಾರಕ್ಕೆ ನಾವು ಹೆದರುವವರಲ್ಲ. ಆದರೆ ಹುಳಿ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಒಳ್ಳೆಯದೇ ಆಯಿತು, ಬಂದ ನೀರಿಗೆ ಕಾರಣ ಸಿಕ್ಕಿತು. ಎರಡನೇ ಚಮಚೆಯಲ್ಲಿ ಅದರ ಅಡಿಯಲ್ಲೊಂದು ವಾಸನೆ ಗುರುತು ಹತ್ತಿತು. ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ ಒಣಮೀನಿನ ವಾಸನೆ. ಆ ದೇಶದವರು ಮೀನನ್ನು ಉಪ್ಪಿನಲ್ಲಿ ಹುದುಗಿಟ್ಟು ಇಳಿಸಿದ ರಸ ಹಾಕುತ್ತಾರೆ ಎಂದು ಸರೋಜಮ್ಮ ವಿವರಿಸಿದಳು. ನಾನು ಓದುವಾಗ ಸಾಲೆಯಲ್ಲಿ ಆ ವಾಸನೆಗೆ ಹುಡುಗಿಯರು ನನ್ನ ಪಕ್ಕ ಕೂರುತ್ತಿರಲಿಲ್ಲ. ಇಲ್ಲಿ ಇಸ್ತ್ರಿ ಮಾಡಿದ ಅಂಗಿಯ ಜನ ಅದನ್ನೇ ರೊಕ್ಕ ಕೊಟ್ಟು ಕುಡಿಯುತ್ತಿದ್ದರು. ಅದನ್ನು ಮಾಡಿದವನು ನನ್ನ ತಮ್ಮ. ಹೆಮ್ಮೆ ಎನ್ನಿಸಿತು, ಹೇಳಿಕೊಳ್ಳಲು ಜೊತೆಗೆ ಯಾರೂ ಇರಲಿಲ್ಲ.

ಆಮೇಲೆ ಮೀನು. ಗೇಣುದ್ದದ ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಬೆಳ್ಳುಳ್ಳಿ, ನಿಂಬೆಹೋಳು. ತಲೆ ನನ್ನ ಕಡೆ.

ಇದು ಮರ್ಯಾದೆಯೋ, ಹಂಗಿಸುವುದೋ? ಸರೋಜಮ್ಮನನ್ನು ಕೇಳಿದೆ. ಇಲ್ಲಿ ಎಲ್ಲರಿಗೂ ಹೀಗೇ, ಇಡೀ ಮೀನೇ, ಎಂದಳು. ಅಂದರೆ ಅವನು ಏನನ್ನೂ ಹೇಳಿಲ್ಲ. ಹೇಳುವ ಸರದಿ ನನ್ನದೇ. ಪಕ್ಕದ ಖಾಲಿ ತಾಟನ್ನು ಎಳೆದುಕೊಂಡೆ. ಎಂಜಲಾಗಬಾರದೆಂದು ನಾನು ಒಂದು ತುತ್ತೂ ತಿನ್ನುವ ಮೊದಲೇ, ಮುಟ್ಟದ ಚಮಚೆಯಿಂದ ತಲೆಯನ್ನು ಬಿಡಿಸಿ ಆ ತಾಟಿನಲ್ಲಿಟ್ಟೆ. "ಇದನ್ನ ಒಳಗ ಒಯ್ಯಿರಿ" ಎಂದೆ.

ಸರೋಜಮ್ಮನ ಮುಖ ಕಪ್ಪಿಟ್ಟಿತು. "ಕಚ್ಚಾ ರೈಗಯಾ ಕ್ಯಾ?" ಹಸಿ ಉಳಿಯಿತೇ ಎಂದು ಕೇಳುತ್ತಲೇ ತಾಟು ಎತ್ತಿಕೊಂಡಳು. ಅಲ್ಲ, ಅದಲ್ಲ ಎನ್ನುವಷ್ಟರಲ್ಲಿ ಅರ್ಧ ಬಾಗಿಲು ಬಡಿದುಕೊಂಡಿತು. ಒಳಗಿನಿಂದ ಆಕೆಯ ದನಿ ಇಡೀ ಹೋಟೆಲಿಗೆ ಕೇಳಿಸಿತು. ಈ ವಾರದಲ್ಲಿ ತಾಟು ವಾಪಸು ಬಂದದ್ದು ಎರಡನೇ ಸಲ, ಗಿರಾಕಿಗಳು ನಾಳೆ ಬರುತ್ತಾರೋ, ನೀನೇ ನಾಳೆಯಿಂದ ಬರಬೇಡ.

ಊಟದವರೆಲ್ಲ ಚಮಚೆ ನಿಲ್ಲಿಸಿ ನನ್ನನ್ನು ನೋಡಿದರು. ಹೋಟೆಲಿನಲ್ಲಿ ತಾಟು ವಾಪಸು ಹೋದರೆ ಅಡಿಗೆಯವನಿಗೆ ಅವಮಾನ ಎಂಬುದು ನಮ್ಮಂಥ ಹೊಳೆದಂಡೆಯ ಹೆಂಗಸಿಗೆ ಹೇಗೆ ಹೊಳೆಯಬೇಕು? ಐದು ವರ್ಷದ ಹಿಂದೆ ನೆಂಟರ ಮುಂದೆ, ಈಗ ಅನ್ನ ಕೊಡುವವಳ ಮುಂದೆ. ಅದೇ ತಲೆ, ಅದೇ ಕೈ. ಮಾಡಲು ಹೋದದ್ದು ಗಣಪತಿ, ಆದದ್ದು ಮಂಗ.

ಎದ್ದೆ. ಹೋಗಿ ಅರ್ಧ ಬಾಗಿಲನ್ನು ಹಿಡಿದು ನಿಂತೆ. ಒಳಗೆ ಹಬೆಯ ನಡುವೆ ಅಂಬಣ್ಣ, ಮೀಸೆ ಬಂದಿತ್ತು, ತಾಟನ್ನು ನೋಡುತ್ತಾ ತಲೆ ಬಗ್ಗಿಸಿ ನಿಂತಿದ್ದ. ಮೆಲ್ಲಗೆ ಹೇಳಬಹುದಿತ್ತು. ಆದರೆ ಅಂದು ನಾನು ಅವನನ್ನು ಮೆಲ್ಲಗೆ ಬೈದಿರಲಿಲ್ಲ.

"ಮೀನು ಹಸಿ ಇಲ್ರೀ ಅಮ್ಮ, ಭಾಳ ಚಲೋ ಆಗ್ಯಾದ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. "ತಪ್ಪು ನಂದು. ನಮ್ಮಪ್ಪ ಸತ್ತಾಗ ಇವನ ತಾಟಿನ್ಯಾಗಿಂದ ಮೀನಿನ ತಲಿ ಕಸಗೊಂಡಿದ್ದೆ ನಾ. ಬಳಗದ ಮುಂದ. ಅದು ಇವನ ಪಾಲು. ತಿರುಗಿ ಕೊಡಾಕ ಮಳಖೇಡದಿಂದ ಬಂದೀನಿ. ಬೈಯೋದಿದ್ರ ನನಗ ಬೈರಿ, ಅವನ ಕೆಲಸ ತೆಗಿಬ್ಯಾಡ್ರಿ." ತೆಲುಗಿನ ಗಡಿಯವರು ನಾವು, ಕೊನೆಯ ಮಾತನ್ನು ಬಂದಷ್ಟು ತೆಲುಗಿನಲ್ಲಿಯೂ ಹೇಳಿದೆ.

ಒಲೆಯ ಮೇಲೆ ಏನೋ ಸೀಯುತ್ತಿತ್ತು. ಅಂಬಣ್ಣ ಉರಿ ಸಣ್ಣ ಮಾಡಿದ. ನನ್ನ ಕಡೆ ನೋಡದೆಯೇ, "ಹೋಗಿ ಕುಂದ್ರು. ಮೀನು ಆರತದ" ಎಂದ.

ಹೋಗಿ ಕುಳಿತೆ. ಬಾಗಿಲು ಮುಚ್ಚಿತು. ನನ್ನ ಮುಂದೆ ತಲೆಯಿಲ್ಲದ ಮೀನು, ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಮೂರು ಗಂಟೆಗೆ ನನ್ನ ಗಾಡಿ. ತಾಟು ಇದ್ದಂತೆಯೇ ತಿರುಗಿ ಬಂದರೆ ಲಗ್ನಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೋಗುವುದು ಎಂದು ನಿಶ್ಚಯಿಸಿದೆ. ಕಾಶಮ್ಮನಿಗೆ ಏನು ಹೇಳುವುದು ಎಂಬುದು ಮಾತ್ರ ಹೊಳೆಯಲಿಲ್ಲ. ಬಾಲದ ತುಂಡನ್ನು ಮುರಿದು ಅನ್ನಕ್ಕೆ ಕಲಸಿದೆ. ರುಚಿ ಏನೂ ತಿಳಿಯಲಿಲ್ಲ. ಬಾಗಿಲಿನ ಕೆಳಗೆ ನೋಡಿದೆ. ಆ ಎರಡು ಕಾಲುಗಳು ಕಾಣಲಿಲ್ಲ.

ಹತ್ತು ನಿಮಿಷ ಕಳೆದಿರಬೇಕು. ಸರೋಜಮ್ಮ ಬಂದು ತಾಟನ್ನು ನನ್ನ ಮುಂದಿಟ್ಟಳು. ಅದರಲ್ಲಿ ಎಲುಬು ಮಾತ್ರ ಇದ್ದವು. ದವಡೆ, ಕಿವಿರಿನ ತಟ್ಟೆ, ನೆತ್ತಿಯ ಚಿಪ್ಪು, ಒಂದೊಂದನ್ನೂ ಚೀಪಿ ಬೆಳ್ಳಗೆ ಮಾಡಿ ಅಂಚಿಗೆ ಸಾಲಾಗಿ ಜೋಡಿಸಿದ್ದ. ಅಪ್ಪ ಹಾಗೆಯೇ ಜೋಡಿಸಿ ಏಳುತ್ತಿದ್ದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಆ ಊಟದವರೆಲ್ಲರ ಮುಂದೆ. ಸರೋಜಮ್ಮ ಒಳಗೆ ಮುಖ ಹಾಕಿ, "ಕಲ್ ಜಲ್ದೀ ಆ" ಎಂದು ಗದರಿದಳು. ನಾಳೆ ಬೇಗ ಬಾ. ಕೆಲಸ ಉಳಿಯಿತು.

ಅಂಬಣ್ಣ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಎದುರಿಗೆ ನಿಂತ. ಕೂರಲಿಲ್ಲ. ಲಗ್ನಪತ್ರಿಕೆ ಕೊಟ್ಟೆ. ಓದಿ ಅಂಗಿಯ ಜೇಬಿಗಿಟ್ಟ.

"ಹೊಳ್ಯಾಗ ನೀರು ಅದಾವೇನು?"

"ಮೊಣಕಾಲ ಮಟ ಅದಾವ."

"ಕಾಶಿ ಎಷ್ಟ ಎತ್ತರ ಆಗ್ಯಾಳ?"

"ನನಗಿಂತ ಎತ್ತರ."

"ಅದೇನು ದೊಡ್ಡ ಮಾತು" ಎಂದ. ನಾನು ಗಿಡ್ಡಿ ಎಂದು ಹಂಗಿಸುತ್ತಿದ್ದವನು ಅವನೊಬ್ಬನೇ. ಆಮೇಲೆ ಕೇಳಿದ: "ನನ್ನ ತಾಟು ಅದ ಏನು ಮನ್ಯಾಗ?"

"ಅದ. ಅವ್ವ ದಿನಾ ತೊಳದು ಇಡ್ತಾಳ" ಎಂದೆ.

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಊಟದ ದುಡ್ಡನ್ನು ಸರೋಜಮ್ಮ ಮುಟ್ಟಲಿಲ್ಲ. ಗಲ್ಲಿಯ ತುದಿಯಲ್ಲಿ ತಿರುಗಿ ನೋಡಿದಾಗ ಅವನು ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದ, ಜೇಬಿನ ಮೇಲೆ ಕೈ ಇಟ್ಟುಕೊಂಡು.

ಗಾಡಿಯಲ್ಲಿ ಸೇಡಂವರೆಗೂ ಆ ಸುಳ್ಳು ನನ್ನ ಜೊತೆ ಬಂತು. ತಾಟು ಇದ್ದದ್ದು ನಿಜ, ಅವ್ವ ದಿನಾ ತೊಳೆದಿಡುವುದು ಸುಳ್ಳು. ಸೇಡಂ ಬಜಾರಿನಲ್ಲಿ ಅಪ್ಪ ಹೆಸರು ಕೊರೆಸಿ ತಂದ ಸ್ಟೀಲಿನ ತಾಟು. ಅವನು ಹೋದ ವಾರವೇ ನಾನು ಅದನ್ನು ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿ ಮೇಲೆ ಒಂದು ಕಲ್ಲು ಹೇರಿದ್ದೆ. ಅವ್ವ ಎರಡು ಸಲ ತೆಗೆದಿದ್ದಳು, ಎರಡು ಸಲವೂ ನಾನು ತಿರುಗಿ ಮುಚ್ಚಿದ್ದೆ.

ಆ ಗಾಡಿ ಮಳಖೇಡ ರೋಡಿನಲ್ಲಿ ನಿಲ್ಲದ್ದರಿಂದ ಸೇಡಂನಿಂದ ಬಸ್ಸು ಹಿಡಿದು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಲು ತೊಳೆಯದೆ ಸೀದಾ ಅಡಿಗೆಮನೆಗೆ ಹೋದೆ. ಕಲ್ಲು ಇಳಿಸಿ, ತಾಟು ತೆಗೆದು, ಬಚ್ಚಲಲ್ಲಿ ಕುಳಿತು ಬೂದಿ ಹಾಕಿ ತಿಕ್ಕಿದೆ. ಕಾಶಮ್ಮ ಬಾಗಿಲಿಗೆ ಆತು ನಿಂತು ನೋಡುತ್ತಿದ್ದಳು. ಅವ್ವ ಬಂದು ಕೇಳಿದಳು: "ಬರ್ತಾನಂತೇನು?"

"ತಾಟು ಕೇಳ್ಯಾನ" ಎಂದೆ.

ಅವ್ವ ನನ್ನ ಕೈಯಿಂದ ತಾಟು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಗೋಡೆಗೆ ನಿಲ್ಲಿಸಿದ ತಾಟುಗಳ ಸಾಲಿನ ಹತ್ತಿರ ಹೋಗಿ, ಎಲ್ಲಿ ಇಡಲಿ ಎಂಬಂತೆ ನನ್ನ ಕಡೆ ನೋಡಿದಳು. ಮೊದಲಿಗೆ, ಅಪ್ಪನ ತಾಟಿನ ಜಾಗದಲ್ಲಿ ನಿಂತಿದ್ದ ನನ್ನ ತಾಟನ್ನು ನಾನೇ ಒಂದು ಜಾಗ ಆಚೆ ಸರಿಸಿದೆ.